ತಲೆ, ಕಣ್ಣು, ಕುತ್ತಿಗೆ ತಪಾಸಣೆಯ ಪಟ್ಟಿಯನ್ನು ಬಾಯಿಪಾಠ ಮಾಡುವುದು ಹೇಗೆ?

ನರ್ಸಿಂಗ್ ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದರೂ ಪಟ್ಟಿ ತಲೆಯಲ್ಲಿ ನಿಲ್ಲುತ್ತಿಲ್ಲ ಎಂದು ಬರೆದಿದ್ದೀರಿ. ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಆ ಪಟ್ಟಿ ಒಪ್ಪಿಸುತ್ತಿದ್ದೆ. ತಪ್ಪಿದ್ದೂ ಅದರಿಂದಲೇ.

ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಜಾರಿ ಬಿದ್ದು ತಲೆಗೆ ಪೆಟ್ಟಾಗಿದ್ದ ಹಿರಿಯರೊಬ್ಬರನ್ನು ನಿಗಾದಲ್ಲಿಡಲು ನಮ್ಮ ವಾರ್ಡಿಗೆ ಕಳುಹಿಸಿದ್ದರು. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಂಡಿರಲಿಲ್ಲ. ನೆತ್ತಿಯನ್ನು ಬೆರಳಿನಿಂದ ತಡವಿ ಊತ ಹುಡುಕಿದೆ. ಕಿವಿಯ ಹಿಂದೆ ನೀಲಿಗಟ್ಟಿದೆಯೇ, ಮೂಗು ಕಿವಿಗಳಿಂದ ತಿಳಿನೀರು ಸೋರುತ್ತಿದೆಯೇ ಎಂದು ನೋಡಿದೆ. ಕಣ್ಣಿನ ಸರದಿ ಬಂದಾಗ ಟಾರ್ಚನ್ನು ಮುಖದೆದುರು ಹಿಡಿದೆ. ಬಲಗಣ್ಣಿನ ಪಾಪೆ ಕುಗ್ಗಿತು. ಎಡಗಣ್ಣಿನ ಮೇಲೂ ಬೆಳಕು ಹಾಯಿಸಿ ‘ಪರ್ಲಾ’ ಎಂದು ಬರೆದು ಸಹಿ ಹಾಕಿದೆ. ಎರಡೂ ಪಾಪೆ ಸಮ, ದುಂಡಗೆ, ಬೆಳಕಿಗೂ ಹತ್ತಿರದ ನೋಟಕ್ಕೂ ಕುಗ್ಗುತ್ತವೆ ಎಂದು ಅದರ ಅರ್ಥ.

ಮುಂದಿನ ಪಾಳಿಯ ಸಿಸ್ಟರ್ ಬಂದು ನೋಡಿದಾಗ ಎಡ ಪಾಪೆ 5 ಮಿ.ಮೀ. ಇತ್ತು, ಅಂಚು ಸೊಟ್ಟಗಿತ್ತು, ಬೆಳಕಿಗೆ ಕದಲಲಿಲ್ಲ. ತಲೆಯೊಳಗೆ ಒತ್ತಡ ಏರಿ ಪಾಪೆಯನ್ನು ಕುಗ್ಗಿಸುವ ಮೂರನೆಯ ಕಪಾಲ ನರ ಅದುಮಿಹೋದರೆ ಒಂದು ಪಾಪೆ ಹಿಗ್ಗುತ್ತದೆ. ಗಂಟೆಯ ಹಿಂದೆ ಸಮವಾಗಿದ್ದದ್ದು ಈಗ ಹೀಗಾಗಿದೆ ಎಂದರೆ ಅವರು ಇನ್ನೇನು ಯೋಚಿಸಬೇಕು? ಮಲಗಿದ್ದವರನ್ನು ಎಬ್ಬಿಸಿ ಮತ್ತೆ ಸ್ಕ್ಯಾನಿಗೆ ಒಯ್ದರು. ಹೊರಗೆ ಅವರ ಮಗಳು ಗೋಡೆ ಹಿಡಿದು ನಿಂತಿದ್ದರಂತೆ. ವರದಿಯಲ್ಲಿ ಹೊಸದೇನೂ ಇರಲಿಲ್ಲ. ಆಮೇಲೆ ಮಗಳೇ ಹೇಳಿದರು: “ಪೊರೆಯ ಆಪರೇಷನ್ ಆದಾಗಿನಿಂದ ಆ ಕಣ್ಣು ಹಾಗೆಯೇ ಇದೆ ಸಿಸ್ಟರ್. ಯಾರೂ ಕೇಳಲಿಲ್ಲವಲ್ಲ.”

ಕೇಳಬೇಕಾಗಿದ್ದವಳು ನಾನು. ಎಲ್ಲೆಲ್ಲಿ ಎಡವಿದೆ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಪಟ್ಟಿಯಲ್ಲಿ ಇರುವುದಿಲ್ಲ. ಟಾರ್ಚು ಮುಖದೆದುರು ಇದ್ದುದರಿಂದ ಅವರು ಅದನ್ನೇ ದಿಟ್ಟಿಸುತ್ತಿದ್ದರು. ಹತ್ತಿರದ ವಸ್ತುವನ್ನು ನೋಡಿದರೂ ಪಾಪೆ ಕುಗ್ಗುತ್ತದೆ. ಹಾಗಾಗಿ ಬಲಗಣ್ಣಿನಲ್ಲಿ ನಾನು ಕಂಡದ್ದು ಬೆಳಕಿನ ಪರಿಣಾಮವೋ ಹತ್ತಿರದ ನೋಟದ ಪರಿಣಾಮವೋ ಹೇಳುವಂತಿರಲಿಲ್ಲ. ದೂರದ ಗೋಡೆ ನೋಡಿ ಎನ್ನಬೇಕಿತ್ತು. ಕೋಣೆಯ ದೀಪಗಳನ್ನು ತಗ್ಗಿಸಿರಲಿಲ್ಲ. ಕಡುಕಂದು ಕಣ್ಣಿನಲ್ಲಿ ಪಾಪೆಯ ಅಂಚು ಸುತ್ತಲಿನ ಬಣ್ಣದಲ್ಲಿ ಕರಗಿಹೋಗಿರುತ್ತದೆ. ಬೆಳಕನ್ನು ಪಕ್ಕದಿಂದ, ಓರೆಯಾಗಿ ತಂದರೆ ಮಾತ್ರ ಆ ಗೆರೆ ಬಿಡಿಸಿ ಕಾಣುತ್ತದೆ. ಎಡಗಣ್ಣನ್ನಂತೂ ನಾನು ನೋಡಲೇ ಇಲ್ಲ. ಬೆಳಕು ಹಾಯಿಸಿದ್ದನ್ನೇ ನೋಡಿದ್ದು ಎಂದುಕೊಂಡೆ. ಹತ್ತಿರ-ದೂರ ಬೆರಳು ತೋರಿಸಿ ಪರೀಕ್ಷಿಸಿಯೂ ಇರಲಿಲ್ಲ, ಆದರೂ ಅದು ಸರಿಯಿದೆ ಎಂದು ಬರೆದುಬಿಟ್ಟೆ. ಆ ಸಂಕೇತ ನಾಲಿಗೆಯ ತುದಿಯಲ್ಲಿತ್ತು, ಕೈ ತಾನಾಗಿ ಬರೆಯಿತು. ಆಮೇಲೆ ವಾರಗಟ್ಟಲೆ ಹಿರಿಯ ಸಿಸ್ಟರ್ ನಾನು ಬರೆದದ್ದನ್ನೆಲ್ಲ ಮತ್ತೊಮ್ಮೆ ಪರೀಕ್ಷಿಸುತ್ತಿದ್ದರು.

ಆದ್ದರಿಂದ ‘ಬಾಯಿಪಾಠ ಹೇಗೆ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೇಲಿನಿಂದ ಕೆಳಕ್ಕೆ, ಮೊದಲು ನೋಟ, ಆಮೇಲೆ ಸ್ಪರ್ಶ, ಎಡಬಲ ಹೋಲಿಕೆ, ಕ್ರಮವೆಂದರೆ ಇಷ್ಟೇ. ಬೇಕಿರುವುದು ಪ್ರತಿಯೊಂದರ ಕಾರಣ. ಗಂಟಲಿನ ಎರಡೂ ಬದಿಯ ಕ್ಯಾರೊಟಿಡ್ ನಾಡಿಯನ್ನು ಒಟ್ಟಿಗೆ ಒತ್ತಬಾರದು, ಏಕೆಂದರೆ ಮಿದುಳಿಗೆ ಹೋಗುವ ರಕ್ತ ತಗ್ಗೀತು. ಇದು ಅರ್ಥವಾದವರಿಗೆ ಬಾಯಿಪಾಠ ಬೇಕಿಲ್ಲ. ಥೈರಾಯ್ಡ್ ತಡವುವಾಗ ಒಂದು ಗುಟುಕು ನೀರು ನುಂಗಿಸುವುದು, ನುಂಗಿದಾಗ ಅದು ಮೇಲೇರುವುದರಿಂದ. ಬಿದ್ದು ಬಂದವರ ಕುತ್ತಿಗೆಯನ್ನು ವೈದ್ಯರು ಬೆನ್ನುಮೂಳೆ ಸರಿಯಿದೆ ಎನ್ನುವವರೆಗೆ ತಿರುಗಿಸಬಾರದು, ಪಟ್ಟಿ ಏನೇ ಹೇಳಲಿ. ಕತ್ತಿನ ಗ್ರಂಥಿಗಳಿಗೆ ಬೆರಳ ತುದಿಯ ಮೆತ್ತನೆ ಭಾಗ ಸಾಕು, ಜೋರಾಗಿ ಒತ್ತಿದರೆ ಸಣ್ಣ ಗಂಟು ಜಾರಿಹೋಗುತ್ತದೆ.

ಸುಮಾರು ಐವರಲ್ಲಿ ಒಬ್ಬರಿಗೆ ಯಾವ ರೋಗವೂ ಇಲ್ಲದೆ ಪಾಪೆಗಳಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ. ಹಾಗಾಗಿ ಟಾರ್ಚು ತೆಗೆಯುವ ಮೊದಲೇ ಕೇಳಿ: ಕಣ್ಣಿಗೆ ಆಪರೇಷನ್ ಆಗಿದೆಯೇ, ಹನಿ ಹಾಕುತ್ತೀರಾ, ಪೆಟ್ಟು ಬಿದ್ದಿತ್ತೇ? ಪರೀಕ್ಷೆಯಲ್ಲಿ ಒಂದು ಹಂತ ಮರೆತರೆ, “ಇದನ್ನು ನಾನು ನೋಡಿಲ್ಲ, ಈಗ ನೋಡುತ್ತೇನೆ” ಎಂದು ಹೇಳಿ ಹಿಂದಿರುಗಿ ನೋಡಿ. ಕೇಸ್‌ಶೀಟಿನಲ್ಲೂ ಹಾಗೆಯೇ, ನೋಡದ್ದನ್ನು ಖಾಲಿ ಬಿಡಿ.