ಪ್ರಶ್ನೆ ಹೆಂಡತಿಗೆ, ಉತ್ತರ ಗಂಡನದು

ಬೇಸಿಗೆ ಮುಗಿಯುತ್ತಿದ್ದಂತೆ ಕೌನ್ಸೆಲಿಂಗ್‌ಗೆ ಅಂತ ನನ್ನ ಬಳಿ ಒಂದೇ ಥರದ ಜಗಳಗಳು ಬರುತ್ತವೆ. ಏಪ್ರಿಲ್, ಮೇನಲ್ಲಿ ಹಳೇ ಕಾಲೇಜು ಸ್ನೇಹಿತರ ಗೆಟ್ ಟುಗೆದರ್ ನಡೆದಿರುತ್ತದೆ. ಜೂನ್ ಹೊತ್ತಿಗೆ ಗಂಡ ಹೆಂಡತಿ ಮಾತು ಬಿಟ್ಟಿರುತ್ತಾರೆ. ಸ್ನೇಹಿತರು ಸೇರುವುದು ತಪ್ಪು ಅಂತ ನಾನು ಯಾವತ್ತೂ ಹೇಳಿಲ್ಲ. ಜೊತೆಗೆ ಹೋದವರನ್ನು ಅಲ್ಲಿ ಯಾರು ಮಾತಾಡಿಸುತ್ತಾರೆ ಅನ್ನುವುದು ನನ್ನ ಚಿಂತೆ.

ಇದು 2024ರ ಬೇಸಿಗೆಯದು. ಮಂಡ್ಯದ ದಂಪತಿ. ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ಬದಲಿಸಿ ಬರೆಯುತ್ತಿದ್ದೇನೆ. ಆಕೆಯನ್ನು ಸವಿತಾ ಎನ್ನೋಣ. ಯಜಮಾನರು ಎಂಜಿನಿಯರ್. ಸವಿತಾ ಪಿಯುಸಿ ಮುಗಿಸಿ ಮದುವೆಯಾಗಿ ಬಂದವರು, ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತಾರೆ.

ಬಲಮುರಿ ಹತ್ತಿರದ ಒಂದು ತೋಟದಲ್ಲಿ ಯಜಮಾನರ ಬ್ಯಾಚ್ ಸೇರಿತ್ತು. ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದರಿಂದ ಹೊಳೆಯಲ್ಲಿ ನೀರಿಗಿಂತ ಬಂಡೆಗಳೇ ಜಾಸ್ತಿ ಕಾಣುತ್ತಿದ್ದವಂತೆ. ಯಾರೂ ನೀರಿಗಿಳಿಯಲಿಲ್ಲ. ಎಲ್ಲರೂ ಶಾಮಿಯಾನದ ಕೆಳಗೇ ಕೂತರು. ಮುದ್ದೆ, ನಾಟಿಕೋಳಿ ಸಾರಿನ ಊಟ ಆಯಿತು. ಆಮೇಲೆ ‘ಈಗ ಮಿಸೆಸ್‌ಗಳ ಪರಿಚಯ’ ಅಂತ ಮೈಕ್ ಸುತ್ತಿಸಿದರು. ಸವಿತಾ ಕೈಗೆ ಮೈಕ್ ಬಂತು, ಎದ್ದು ನಿಂತರು. ಯಜಮಾನರು ಅದನ್ನು ತೆಗೆದುಕೊಂಡು, ‘ಇವಳು ಜಾಸ್ತಿ ಮಾತಾಡಲ್ಲ, ನಾನೇ ಹೇಳ್ತೀನಿ. ಹೌಸ್‌ವೈಫು’ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಗಿದ್ದು ಇಷ್ಟೇ.

ಅಲ್ಲಿಂದ ಮೂರು ವಾರ ಆಕೆಗೆ ಸರಿಯಾಗಿ ನಿದ್ದೆ ಇಲ್ಲ. ಗಂಡನ ಹತ್ತಿರ ಬೇಕಾದಷ್ಟಕ್ಕೇ ಮಾತು. ‘ಇಷ್ಟು ಸಣ್ಣ ವಿಷಯಕ್ಕೆಲ್ಲ ಕೌನ್ಸೆಲಿಂಗಾ?’ ಅಂತ ಅತ್ತೆ ಕೇಳಿದ್ದರಂತೆ. (ನಿದ್ದೆ ಹೀಗೆ ವಾರಗಟ್ಟಲೆ ಕೆಟ್ಟರೆ ದಯವಿಟ್ಟು ಸುಮ್ನೆ ಇರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.)

ಮೊದಲ ಸಲ ಸವಿತಾ ಒಬ್ಬರೇ ಬಂದು ಸುಮಾರು ಹೊತ್ತು ಅತ್ತು ಹೋದರು. ಎರಡನೇ ಸಲ ಇಬ್ಬರೂ ಬಂದರು.

‘ನಿದ್ದೆ ಹೇಗಿದೆ ಸವಿತಾ ಅವರೇ?’ ಅಂತ ಕೇಳಿದೆ.

‘ಪರವಾಗಿಲ್ಲ ಮೇಡಂ, ಮೂರು ಗಂಟೆಗೆ ಎದ್ದು ಕೂತ್ಕೋತಾಳೆ’ ಅಂದರು ಯಜಮಾನರು.

‘ಊಟ?’

‘ಕಡಿಮೆ ಮಾಡ್ಬಿಟ್ಟಿದಾಳೆ.’

‘ಕೆಲಸ ನಡೀತಿದೆಯಾ?’

‘ಸುಮ್ನೆ ಟೈಂಪಾಸ್‌ಗೆ ಕುಚ್ಚು ಹಾಕ್ತಾಳೆ ಅಷ್ಟೇ.’

ಮೂರೂ ಪ್ರಶ್ನೆಯನ್ನು ನಾನು ಆಕೆಯ ಮುಖ ನೋಡಿಯೇ ಕೇಳಿದ್ದೆ. ಮೂರು ಸಲವೂ ಆಕೆ ಗಂಡನ ಕಡೆ ತಿರುಗಿದರು. ಆತ ಕೆಟ್ಟ ಮನುಷ್ಯ ಅಲ್ಲ. ಹೆಂಡತಿಗೆ ಕಷ್ಟ ಆಗಬಾರದು ಅಂತ ಓಡಿ ಬಂದು ಉತ್ತರ ಕೊಡುವವರು. ಬ್ಯಾಂಕಿನಲ್ಲಿ, ಡಾಕ್ಟರ ಹತ್ತಿರ, ಮಗಳ ಶಾಲೆಯಲ್ಲಿ 22 ವರ್ಷ ಅದನ್ನೇ ಮಾಡಿದ್ದಾರೆ.

‘ಸಾರ್, ಇನ್ನೊಂದು ಪ್ರಶ್ನೆ ಇದೆ. ಇದಕ್ಕೆ ನೀವು ಉತ್ತರ ಹೇಳೋ ಹಾಗಿಲ್ಲ, ಎಷ್ಟು ಹೊತ್ತಾದ್ರೂ ಸರಿ’ ಅಂದೆ. ಆಮೇಲೆ ಸವಿತಾ ಕಡೆ ತಿರುಗಿದೆ. ‘ಆವತ್ತು ಮೈಕ್ ನಿಮ್ಮ ಕೈಯಲ್ಲೇ ಇದ್ದಿದ್ರೆ ಏನು ಹೇಳ್ತಿದ್ರಿ?’

ಊರವರಿಗೆಲ್ಲ ಕುಚ್ಚು ಕಟ್ಟುವ ಆಕೆಯ ಸೆರಗಿಗೆ ಕುಚ್ಚಿರಲಿಲ್ಲ. ಸೆರಗಿನ ತುದಿಯ ಎಳೆಗಳನ್ನು ಬಿಡಿಸತೊಡಗಿದರು. ಹತ್ತಾರು ಎಳೆ ಸೇರಿಸಿ ಹುರಿ ಮಾಡುವುದು, ಬಿಡುವುದು, ಮತ್ತೆ ಹುರಿ ಮಾಡುವುದು. ಯಜಮಾನರು ಎರಡು ಸಲ ಬಾಯಿ ತೆರೆದರು. ಎರಡು ಸಲವೂ ನಾನು ಕೈ ಎತ್ತಿದೆ.

‘ಪರಿಚಯ ಮಾಡಿಸ್ತಾರೆ ಅಂತ ಇವರೇ ಹೇಳಿದ್ರು ಮೇಡಂ. ಕಾರಲ್ಲಿ ಮನಸ್ಸಲ್ಲೇ ಹೇಳ್ಕೊಂಡು ಹೋದೆ. ಶ್ರೀರಂಗಪಟ್ಟಣ ದಾಟೋಷ್ಟರಲ್ಲಿ ಬಾಯಿಪಾಠ ಆಗಿತ್ತು. ನನ್ನ ಹೆಸರು ಸವಿತಾ, ನಾನು ಸೀರೆಗೆ ಕುಚ್ಚು ಕಟ್ತೀನಿ ಅಂತ. ಅಲ್ಲಿ ಹೋದ್ಮೇಲೆ ಇನ್ನೊಂದು ಸೇರಿಸ್ಕೊಂಡೆ. ಒಬ್ಬರು ಹಸಿರು ಮೈಸೂರು ಸಿಲ್ಕ್ ಉಟ್ಟಿದ್ರು. ಆ ಕುಚ್ಚು ನನ್ನ ಕೈದು. ಅಂಗಡಿಯಿಂದ ಬಂದಿತ್ತು, ಎರಡು ದಿನ ಕೂತು ಮಣಿ ಪೋಣಿಸಿದ್ದೆ. ಅದನ್ನ ಹೇಳ್ಬೇಕು ಅಂತಿದ್ದೆ.’

ಯಜಮಾನರಿಗೆ ತಡೆಯಲಾಗಲಿಲ್ಲ. ‘ಹೆದರಿದಾಳೆ ಅನ್ಕೊಂಡೆ ಮೇಡಂ. ಕೈ ನಡುಗ್ತಿತ್ತು, ನಾನೇ ನೋಡ್ದೆ.’

‘ನಡುಗ್ತಿತ್ತು’ ಅಂದರು ಸವಿತಾ. ‘ಆದ್ರೂ ಹೇಳ್ತಿದ್ದೆ.’

ನಾನು ಕೊಟ್ಟ ಸಲಹೆಯೆಲ್ಲ ಈ ಮಾತಿನ ಮೇಲೇ ನಿಂತಿದೆ.

‘ಗ್ರೂಪ್‌ನಲ್ಲೇ ಸಾರಿ ಅಂತ ಹಾಕ್ಬಿಡ್ತೀನಿ’ ಅಂತ ಯಜಮಾನರು ಕೂಡಲೇ ಮೊಬೈಲ್ ತೆಗೆದರು. ಬೇಡ ಅಂದೆ. ಅದೇ ಜನರ ಮುಂದೆ ಮತ್ತೆ ಆಕೆಯ ಪರವಾಗಿ ಅವರೇ ಮಾತಾಡಿದ ಹಾಗಾಗುತ್ತಿತ್ತು. ಕ್ಷಮೆ ಮನೆಯಲ್ಲಿ ಕೇಳಿ ಅಂದೆ. ಇನ್ನೊಂದು, ಯಾರೇ ಆಗಲಿ ಆಕೆಯನ್ನು ಏನಾದರೂ ಕೇಳಿದರೆ ಬಾಯಿ ಮುಚ್ಚಿಕೊಂಡು ಬೇರೆ ಕಡೆ ನೋಡಿ ಅಂತ ಹೇಳಿದೆ. ಮುಖ ನೋಡುತ್ತಾ ಕಾದರೆ ಅದೂ ಒಂದು ಅವಸರವೇ. ಸವಿತಾಗೂ ಒಂದು ಕೆಲಸ ಕೊಟ್ಟೆ. ಪ್ರಶ್ನೆ ಬಂದ ಕೂಡಲೇ ಗಂಡನ ಕಡೆ ತಿರುಗಬೇಡಿ, ಉತ್ತರ ತೋಚದಿದ್ದರೆ ‘ಇರಿ, ಹೇಳ್ತೀನಿ’ ಅನ್ನಿ ಅಂದೆ.

ನೊಂದವರಿಗೇ ಕೆಲಸ ಕೊಡೋದು ಸರಿಯಾ ಅಂತ ನನ್ನ ವೃತ್ತಿಯವರೇ ಒಬ್ಬರು ಕೇಳಿದರು. ತಪ್ಪು ಆಕೆಯದು ಅಂತ ನಾನು ಹೇಳಿಲ್ಲ. ಆದರೆ ಗಂಡ ಸುಮ್ಮನಾದ ಮಾತ್ರಕ್ಕೆ 22 ವರ್ಷದ ಅಭ್ಯಾಸ ಹೋಗಿಬಿಡುವುದಿಲ್ಲ. ಇದು ಸಣ್ಣ ವಿಷಯ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ತನ್ನ ಹೆಸರು ಹೇಳಲು ಎದ್ದು ನಿಂತವರನ್ನು ಕೂರಿಸುವುದು ಸಣ್ಣ ವಿಷಯ ಹೇಗಾಗುತ್ತದೆ?

ಇಂಥ ಕೂಟ ನಡೆಸುವವರಲ್ಲೂ ಒಂದು ಕೋರಿಕೆ. ಜೊತೆಗೆ ಬಂದವರ ಬ್ಯಾಡ್ಜ್ ಮೇಲೆ ‘ಮಿಸೆಸ್ ಇಂಥವರು’ ಅಂತ ಬರೆಯಬೇಡಿ, ಅವರ ಹೆಸರು ಬರೆಯಿರಿ. ಮಾತಾಡುವ ಇಷ್ಟ ಇದೆಯಾ ಅಂತ ಮೊದಲೇ ಕೇಳಿ. ಹೆಂಡತಿಯ ಸ್ನೇಹಿತರ ನಡುವೆ ಮೊಬೈಲ್ ನೋಡುತ್ತಾ ಮೂಲೆಯಲ್ಲಿ ಕೂರುವ ಗಂಡಂದಿರಿಗೂ ಈ ಮಾತು ಸೇರುತ್ತದೆ.

ಮರುವರ್ಷ ಮತ್ತೆ ಕರೆ ಬಂತು. ಸವಿತಾ ಬರುವುದಿಲ್ಲ ಅಂದರು. ‘ನೀವು ಒಂದು ಮಾತು ಹೇಳಿ ಮೇಡಂ’ ಅಂತ ಯಜಮಾನರು ಫೋನ್ ಮಾಡಿದರು. ನಾನು ಹೇಳಲಿಲ್ಲ. ಆವತ್ತು ಹೇಳಬೇಕಿತ್ತೇನೋ ಅಂತ ಆಗಾಗ ಅನ್ನಿಸಿದ್ದೂ ಉಂಟು. ಅವರು ಒಬ್ಬರೇ ಹೋದರು. ‘ಯಾಕೋ, ಮಿಸೆಸ್ ಬರಲಿಲ್ವಾ?’ ಅಂತ ಸ್ನೇಹಿತರು ಕೇಳಿದರಂತೆ. ಏನೋ ಹೇಳಲು ಬಾಯಿ ತೆರೆದವರು, ಮನೆಗೆ ಫೋನ್ ಹಚ್ಚಿ ಸ್ನೇಹಿತರ ಕೈಗೇ ಕೊಟ್ಟರಂತೆ.

‘ಮದುವೆ ಸೀಸನ್ ಅಲ್ವಾ, ಹನ್ನೊಂದು ಸೀರೆ ಬಂದಿದಾವೆ’ ಅಂದರಂತೆ ಸವಿತಾ.