ನಿಮ್ಮ ಶಾಲೆಯ ಮಾಳಿಗೆ ನೀರು ಯಾವ ಸಮುದ್ರಕ್ಕೆ?

ಓದುಗರ ಪತ್ರ: ಚಿತ್ರದುರ್ಗ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳಿಗೆ ಅಕ್ಷಾಂಶ, ರೇಖಾಂಶ ಎಲ್ಲ ಬಾಯಿಪಾಠ. ಆದರೆ ಗೇಟಿನ ಹತ್ತಿರ ನಿಲ್ಲಿಸಿ ಉತ್ತರ ದಿಕ್ಕು ಯಾವುದು ಅಂದರೆ ಕೆಲವರು ಆಕಾಶಕ್ಕೆ ಬೆರಳು ತೋರಿಸುತ್ತಾರೆ. ಕೆರೆ ಏರಿ ಮೇಲೆ ಕರೆದುಕೊಂಡು ಹೋಗಿ ನಿಧಿ ಹುಡುಕುವ ಆಟ ಆಡಿಸಿದೆ. ಖುಷಿಯೋ ಖುಷಿ. ಮರುದಿನ ಏನು ಕಲಿತಿರಿ ಅಂದರೆ ಎಲ್ಲರೂ ಗಪ್‌ಚುಪ್. ಒಬ್ಬ ತಂದೆ ಬಂದು ‘ಆಟ ಆಡ್ಸೋಕೆ ಸ್ಕೂಲಿಗೆ ಕಳ್ಸಿಲ್ಲ’ ಎಂದರು. ಮುಖ್ಯ ಶಿಕ್ಷಕರಿಗೆ ಪಾಠ ಮುಗಿಯುವುದಿಲ್ಲ ಎಂಬ ಚಿಂತೆ. ಇದನ್ನು ಬಿಟ್ಟುಬಿಡಲೇ? ಕೋಟೆಗೆ ಪ್ರವಾಸ ಹೋದರೂ ಮಕ್ಕಳು ಒನಕೆ ಓಬವ್ವನ ಕಿಂಡಿ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ, ಅಷ್ಟೇ. ಅದಕ್ಕೇನು ಮಾಡಲಿ?

ಸಂಪಾದಕರ ಉತ್ತರ: ಬಿಡಬೇಡಿ ಮೇಡಂ. ಆದರೆ ಆ ತಂದೆಯ ಮಾತನ್ನು ಪೂರ್ತಿ ತಳ್ಳಿಹಾಕಲೂ ಬೇಡಿ. ಪೊದೆಯಲ್ಲಿ ಚಾಕಲೇಟ್ ಬಚ್ಚಿಟ್ಟು ಹುಡುಕಿಸಿದರೆ ಅದು ಒಳ್ಳೆಯ ಆಟವೇ, ಭೂಗೋಳ ಅಲ್ಲ. ಯಾವ ಆಟಕ್ಕೂ ಒಂದು ಪರೀಕ್ಷೆ ಮಾಡಿ. ನೆಲ ನೋಡದೆ, ಬಿಸಿಲು ನೋಡದೆ, ಇಳಿಜಾರು ನೋಡದೆ ಇದನ್ನು ಗೆಲ್ಲಬಹುದೇ? ಗೆಲ್ಲಬಹುದು ಅನ್ನುವುದಾದರೆ ಆ ಆಟವನ್ನು ಪಿ.ಇ. ಪೀರಿಯಡ್‌ಗೆ ಬಿಟ್ಟುಕೊಡಿ.

ನಿಮ್ಮ ನಿಧಿ ಆಟವನ್ನೇ ಸ್ವಲ್ಪ ತಿರುಗಿಸಿ. ಒಂದು ತಂಡ ಬಣ್ಣದ ಕಲ್ಲನ್ನು ಬಚ್ಚಿಟ್ಟು ನಕ್ಷೆ ಬರೆಯಲಿ. ಇನ್ನೊಂದು ತಂಡದ ಕೈಲಿ ಆ ನಕ್ಷೆ ಬಿಟ್ಟು ಬೇರೇನೂ ಇರಬಾರದು. ಬಾಯಿಮಾತಿನ ಸುಳಿವೂ ಬೇಡ. ‘ಬೇವಿನ ಮರದಿಂದ 20 ಹೆಜ್ಜೆ’ ಅಂತ ಬರೆದಿರುತ್ತಾರೆ. ಏಳನೇ ಕ್ಲಾಸಿನ ಉದ್ದನೆಯ ಹುಡುಗನ 20 ಹೆಜ್ಜೆಯೇ ಬೇರೆ, ಐದನೇ ಕ್ಲಾಸಿನ ಪುಟ್ಟ ಹುಡುಗಿಯ 20 ಹೆಜ್ಜೆಯೇ ಬೇರೆ. ಕಲ್ಲು ಸಿಗುವುದಿಲ್ಲ, ಜಗಳ ಆಗುತ್ತದೆ. ಆಗಲಿ ಬಿಡಿ, ನಡುವೆ ಹೋಗಬೇಡಿ. ಯಾರಾದರೂ ಒಬ್ಬರು ‘ಹಗ್ಗದಲ್ಲಿ ಅಳೆಯೋಣ’ ಅನ್ನುತ್ತಾರೆ. ಆ ಹೊತ್ತಿಗೆ ‘ಪ್ರಮಾಣ’ದ ಪಾಠ ಅರ್ಧ ಮುಗಿದಿರುತ್ತದೆ. ನಕ್ಷೆಗೆ ನೀವು ಅಂಕ ಕೊಡಬೇಕಾಗಿಯೂ ಇಲ್ಲ. ಕಲ್ಲು ಸಿಕ್ಕರೆ ನಕ್ಷೆ ಸರಿ, ಸಿಗದಿದ್ದರೆ ತಪ್ಪು.

ಇನ್ನು ಆಕಾಶಕ್ಕೆ ಬೆರಳು ತೋರಿಸುವ ಮಕ್ಕಳ ವಿಷಯ. ಅವರ ತಪ್ಪೇನೂ ಇಲ್ಲ. ಗೋಡೆಗೆ ನೇತುಹಾಕಿದ ನಕ್ಷೆಯಲ್ಲಿ ಉತ್ತರ ಇರುವುದು ಮೇಲೆಯೇ ಅಲ್ವಾ? ಆ ನಕ್ಷೆಯನ್ನು ಒಮ್ಮೆ ಇಳಿಸಿ ಅಂಗಳದಲ್ಲಿ ಹಾಸಿ, ಸರಿಯಾದ ದಿಕ್ಕಿಗೆ ತಿರುಗಿಸಿಡಿ. ಆ ದಿಕ್ಕು ಯಾವುದು ಎಂದು ಕಂಡುಹಿಡಿಯಲು ಒಂದು ಮೀಟರ್ ಉದ್ದದ ಕೋಲು ಸಾಕು. ಬಯಲಲ್ಲಿ ನೆಟ್ಟಗೆ ನೆಡಿ. ಹನ್ನೊಂದೂವರೆಯಿಂದ ಒಂದೂವರೆವರೆಗೆ ಹತ್ತು ನಿಮಿಷಕ್ಕೊಮ್ಮೆ ಒಂದೊಂದು ಮಗು ಓಡಿಹೋಗಿ ನೆರಳಿನ ತುದಿಗೆ ಕಲ್ಲಿಟ್ಟು ಬರಲಿ. ಅತಿ ಗಿಡ್ಡ ನೆರಳು ಯಾವಾಗ ಬೀಳುತ್ತದೆ ಎಂದು ಮೊದಲೇ ಪಂದ್ಯ ಕಟ್ಟಿಸಿ. ಎಲ್ಲರೂ 12 ಗಂಟೆ ಅನ್ನುತ್ತಾರೆ, ಎಲ್ಲರೂ ಸೋಲುತ್ತಾರೆ. ಜೂನ್‌ನಲ್ಲಿ ನಮ್ಮ ದುರ್ಗದಲ್ಲಿ ಸೂರ್ಯ ನೆತ್ತಿಯ ಹತ್ತಿರ ಬರುವುದು ಸುಮಾರು 12.25ಕ್ಕೆ. ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ ನಡೆಯುತ್ತದೆ. ನಾವಿರುವುದು ಅದಕ್ಕಿಂತ ಸುಮಾರು 6 ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ 4 ನಿಮಿಷದಂತೆ ಗುಣಿಸಲಿ, ಯಾಕೆ ಸೋತೆವು ಎಂದು ಅವರಿಗೇ ಗೊತ್ತಾಗುತ್ತದೆ. ಬಾಯಿಪಾಠದ ರೇಖಾಂಶಕ್ಕೆ ಅಲ್ಲಿಗೆ ಒಂದು ಕೆಲಸ ಸಿಕ್ಕಂತಾಯಿತು.

ಇಲ್ಲೊಂದು ಎಚ್ಚರಿಕೆ. ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ ಎಂದು ಮಕ್ಕಳಿಗೆ ಮೊದಲೇ ಹೇಳಿಕೊಟ್ಟುಬಿಡಬೇಡಿ. ನಾವಿರುವುದು 14 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜೂನ್ 21ಕ್ಕೆ ನಿಮ್ಮ ಮೀಟರ್ ಕೋಲಿನ ನೆರಳು ದಕ್ಷಿಣಕ್ಕೆ ಸುಮಾರು 16 ಸೆಂಟಿಮೀಟರ್. ಡಿಸೆಂಬರ್ 21ಕ್ಕೆ ಉತ್ತರಕ್ಕೆ 77ರ ಹತ್ತಿರ. ಹಾಗಾಗಿ ಗಿಡ್ಡ ನೆರಳಿನ ಗೆರೆ ಉತ್ತರ ದಕ್ಷಿಣವಾಗಿರುವುದು ಖಂಡಿತ, ಯಾವ ತುದಿ ಯಾವುದು ಎನ್ನುವುದನ್ನು ಬೆಳಗ್ಗೆ ಸೂರ್ಯ ಹುಟ್ಟಿದ ಕಡೆ ನೋಡಿ ಅವರೇ ತೀರ್ಮಾನಿಸಲಿ. ಎರಡು ಋತುವಿನ ಕಲ್ಲುಗಳನ್ನೂ ಅಲ್ಲೇ ಬಿಟ್ಟರೆ ಕರ್ಕಾಟಕ, ಮಕರ ವೃತ್ತಗಳ ಪಾಠವನ್ನು ಅಂಗಳದಲ್ಲೇ ಮಾಡಬಹುದು. ಆಗಸ್ಟ್ 15ರ ಆಸುಪಾಸಿನಲ್ಲಿ ಒಂದು ದಿನ ನೇರ ಕಂಬಕ್ಕೆ ಮಧ್ಯಾಹ್ನ ನೆರಳೇ ಇರುವುದಿಲ್ಲ. ಧ್ವಜ ಹಾರಿಸಿ ಲಾಡು ಹಂಚಿದ ಮೇಲೆ ಮಕ್ಕಳನ್ನು ಹನ್ನೆರಡೂವರೆವರೆಗೆ ನಿಲ್ಲಿಸಿಕೊಳ್ಳಿ. ಮೋಡ ಕೈಕೊಡಬಹುದು, ಅದಕ್ಕೆ ಯಾರೇನು ಮಾಡಲಾಗುತ್ತದೆ!

ಕಾಗದದಲ್ಲಿ ನೀವು ಕೋಟೆಯ ಪ್ರವಾಸದ ಬಗ್ಗೆಯೂ ಕೇಳಿದ್ದಿರಿ. ಮಕ್ಕಳು ಒನಕೆ ಓಬವ್ವನ ಕಿಂಡಿ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ, ಅಷ್ಟೇ ಎಂದಿದ್ದೀರಿ. ನನ್ನ ಸಲಹೆ ಕೇಳಿದರೆ, ಕೋಟೆಗೆ ಹೋಗುವ ಮೊದಲು ಶಾಲೆಯ ಮಾಳಿಗೆ ಹತ್ತಿಸಿ. ಮಳೆ ನಿಂತ ಮೇಲೆ ಕೊಳವೆಯಿಂದ ಬೀಳುವ ನೀರಿನ ಹಿಂದೆ ತಂಡ ತಂಡವಾಗಿ ನಡೆಯಲಿ. ಚರಂಡಿ, ರಸ್ತೆ ಬದಿ, ಹಳ್ಳ, ಕೆರೆ. ಎಲ್ಲಿ ತಿರುಗಿತು, ಎಲ್ಲಿ ಇಂಗಿತು, ಯಾರ ಹೊಲದ ಬದು ತಡೆಯಿತು, ಬರೆದುಕೊಳ್ಳಲಿ. ಕೊನೆಗೆ ಕೇಳಿ, ಈ ನೀರು ಯಾವ ಸಮುದ್ರ ಸೇರುತ್ತದೆ? ಮಂಗಳೂರೇ ಹತ್ತಿರ ಅಲ್ವಾ, ಅರಬ್ಬಿ ಸಮುದ್ರ ಅಂತಾರೆ. ಚಿತ್ರದುರ್ಗ ಜಿಲ್ಲೆಯ ಬಹುಪಾಲು ನೀರು ವೇದಾವತಿಗೆ, ಅಲ್ಲಿಂದ ತುಂಗಭದ್ರೆಗೆ, ಕೃಷ್ಣೆಗೆ, ಕಡೆಗೆ ಬಂಗಾಳ ಕೊಲ್ಲಿಗೆ. ಹತ್ತಿರದ ಸಮುದ್ರ ಬಿಟ್ಟು ದೂರದ್ದಕ್ಕೆ ಯಾಕೆ ಹೋಯಿತು? ಘಟ್ಟ ಅಡ್ಡ ಇದೆ. ಆ ಘಟ್ಟವೇ ಮಳೆಯನ್ನೂ ತಡೆಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರುವ ಮಳೆ, ಗೆರೆ ಎಳೆದರೆ 200 ಕಿಲೋಮೀಟರ್ ದೂರವೂ ಇಲ್ಲದ ಚಳ್ಳಕೆರೆ ಕಡೆ 500 ದಾಟುವುದೇ ಕಷ್ಟ.

ಇಷ್ಟಾದ ಮೇಲೆ ಕೋಟೆ ಹತ್ತಿಸಿ. ಕಲ್ಲುಬಂಡೆಯ ಮೇಲೆ ಬಿದ್ದ ಮಳೆಯನ್ನು ಪಾಳೆಯಗಾರರ ಕಾಲದವರು ಹೇಗೆ ಹಿಡಿದಿಟ್ಟರು ಎಂದು ಹುಡುಕುವುದೇ ಅಲ್ಲಿನ ಆಟ. ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ನೀರು ಇಳಿಯುವ ಏರ್ಪಾಡು ಅದು. ಮೇಲಿಂದ ಕೆಳಗಿನವರೆಗೆ ಆ ದಾರಿಯ ನಕ್ಷೆ ಬರೆಯಲಿ. ಓಬವ್ವನ ಕಿಂಡಿಯನ್ನೂ ನೋಡಲಿ, ಬೇಡ ಅನ್ನುವುದಿಲ್ಲ. 15 ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಟಿಕೆಟ್ ಇಲ್ಲ. ಆದರೆ ಜೋರು ಮಳೆಯ ದಿನ ಹೋಗಬೇಡಿ, ಬಂಡೆ ಜಾರುತ್ತದೆ. ಹೊಂಡದ ಅಂಚಿಗೆ ಯಾರನ್ನೂ ಬಿಡಬೇಡಿ. ಹತ್ತು ಮಕ್ಕಳಿಗೆ ಒಬ್ಬರಾದರೂ ದೊಡ್ಡವರು ಜೊತೆಗಿರಲಿ.

ಬಸ್ಸಿಗೆ ಇನ್ನೂ ದುಡ್ಡಿದ್ದರೆ ಐಮಂಗಲದ ಕಡೆ ಮರಡಿಹಳ್ಳಿಗೆ ಹೋಗಿಬನ್ನಿ. ನೀರಿನಡಿ ಉಕ್ಕಿದ ಲಾವಾ ದಿಂಬು ದಿಂಬಾಗಿ ಗಟ್ಟಿಯಾದ ಬಂಡೆಗಳು ಅಲ್ಲಿವೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ಒಂದು ಕಾಲಕ್ಕೆ ಇಲ್ಲಿ ನೀರಿತ್ತು ಎನ್ನುವುದನ್ನು ಈ ಬರದ ಸೀಮೆಯ ಮಕ್ಕಳು ನಂಬುವುದೇ ಇಲ್ಲ, ಮುಟ್ಟಿ ನೋಡಲಿ.

ದುಡ್ಡಿಲ್ಲದಿದ್ದರೆ ಮಣ್ಣಿದೆಯಲ್ಲ. ಎರೆ ಮಣ್ಣು, ಕೆಂಪು ಮಣ್ಣು ಎರಡನ್ನೂ ನೀರಲ್ಲಿ ಕಲಸಿ ಬತ್ತಿ ಹೊಸೆಸಿ. ಯಾರ ಬತ್ತಿ ಮುರಿಯದೆ ಉದ್ದ ಬರುತ್ತದೋ ಅವರು ಗೆದ್ದರು. ಎರೆ ಮಣ್ಣಿನವರೇ ಗೆಲ್ಲುತ್ತಾರೆ. ಯಾಕೆ, ಯಾವ ಹೊಲದಲ್ಲಿ ಜೋಳ, ಎಲ್ಲಿ ಶೇಂಗಾ ಎಂಬ ಮಾತು ತಾನಾಗಿ ಬರುತ್ತದೆ. ಅದಕ್ಕೆ ಉತ್ತರ ಹೇಳಲು ಆ ಸಿಟ್ಟಿನ ತಂದೆಯನ್ನೇ ಕರೆಯಿರಿ. ಮಣ್ಣಿನ ವಿಷಯದಲ್ಲಿ ನಿಮಗಿಂತ, ನನಗಿಂತ ಅವರಿಗೆ ಜಾಸ್ತಿ ಗೊತ್ತಿರುತ್ತದೆ. ಊರಿನ ಅಜ್ಜ ಅಜ್ಜಿಯರನ್ನೂ ಬಿಡಬೇಡಿ. ಮಾರಿಕಣಿವೆ ಅಣೆಕಟ್ಟು (ವಾಣಿವಿಲಾಸ ಸಾಗರ) 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ನಡುವಿನ ಬರಗಾಲಗಳ ಲೆಕ್ಕ ಅವರ ಬಾಯಲ್ಲೇ ಇದೆ.

ಮುಖ್ಯ ಶಿಕ್ಷಕರಿಗೆ ಹೀಗೆ ಹೇಳಿ. ದಿಕ್ಕು, ನಕ್ಷೆ, ಮಣ್ಣು, ಮಳೆ, ನದಿ, ಇವೆಲ್ಲ ಪಠ್ಯದಲ್ಲಿರುವ ಪಾಠಗಳೇ. ಹೊರಗೆ ಹೋದದ್ದಕ್ಕೆ ಬೇರೆ ಪೀರಿಯಡ್ ಬೇಡ, ಅದೇ ಪಾಠದ ಪೀರಿಯಡ್ ಸಾಕು. ಶನಿವಾರದ ಬೆಳಗಿನ ಶಾಲೆ ಇದಕ್ಕೆ ಅನುಕೂಲ. ಮರುದಿನ ‘ಏನು ಕಲಿತಿರಿ’ ಅಂತ ಮಾತ್ರ ಕೇಳಬೇಡಿ, ದೊಡ್ಡವರಿಗೂ ಆ ಪ್ರಶ್ನೆಗೆ ಬಾಯಿ ಬರುವುದಿಲ್ಲ. ನಿನ್ನೆ ಪಂದ್ಯದಲ್ಲಿ ಯಾಕೆ ಸೋತಿರಿ ಅಂತ ಕೇಳಿ ನೋಡಿ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಮಕ್ಕಳ ಕೈಯಲ್ಲೇ ಆ ನೀರಿನ ನಕ್ಷೆ ಹಿಡಿಸಿ ವಿವರಿಸಲು ಹೇಳಿ, ತಂದೆತಾಯಿಯರ ತಕರಾರು ಅಲ್ಲೇ ಅರ್ಧ ಇಳಿಯಬಹುದು.

ನಕ್ಷೆಗಳನ್ನು ನಮಗೂ ಕಳಿಸಿ, ಮೂರ್ನಾಲ್ಕನ್ನು ಅಚ್ಚು ಹಾಕುತ್ತೇವೆ. ಫೋಟೊ ತೆಗೆದು ಕಳಿಸುವುದಾದರೆ ನೇರ ಮೇಲಿನಿಂದ ತೆಗೆಯಿರಿ. ಕಾಗುಣಿತ ತಿದ್ದಬೇಡಿ, ಹಳ್ಳ ಸೊಟ್ಟಗೆ ಬರೆದಿದ್ದರೆ ಹಾಗೆಯೇ ಇರಲಿ.