ಸಸ್ಯವಿಷದ ಒಂದೇ ಡೋಸ್ ಕೊಟ್ಟ ಇಲಿಯನ್ನು 14 ದಿನ ಯಾಕೆ ಗಮನಿಸುತ್ತಾರೆ?

ಎಲ್ಲ ವಿಷವೂ ಒಂದೇ ವೇಗದಲ್ಲಿ ಏರುವುದಿಲ್ಲ, ಅದಕ್ಕೇ. ಕಾಸರಕದ ಬೀಜದಲ್ಲಿರುವ ಸ್ಟ್ರಿಕ್ನಿನ್ ಎಂಬ ಆಲ್ಕಲಾಯ್ಡ್ (ಗಿಡದಲ್ಲಿ ಹುಟ್ಟುವ, ಸಾರಜನಕವಿರುವ ರಾಸಾಯನಿಕ) ಬೆನ್ನುಹುರಿಯ ನರಗಳ ಕಡಿವಾಣವನ್ನೇ ಕಳಚುತ್ತದೆ. ಸ್ವಲ್ಪ ಹೊತ್ತಿನಲ್ಲೇ, ಪಂಜರ ತಟ್ಟಿದ ಸದ್ದಿಗೂ ಇಲಿಯ ಮೈ ಬಿಲ್ಲಿನಂತೆ ಸೆಟೆಯುತ್ತದೆ.

ಗೌರಿ ಹೂವಿನ ಗಡ್ಡೆಯಲ್ಲಿರುವ ಕಾಲ್ಚಿಸಿನ್ ಹಾಗಲ್ಲ. ಅದು ಜೀವಕೋಶಗಳು ಇಬ್ಭಾಗವಾಗುವುದನ್ನು ತಡೆಯುತ್ತದೆ. ಹಳೆಯ ಕೋಶಗಳು ಸವೆದು, ಹೊಸವು ಹುಟ್ಟದೆ ಕರುಳಿನ ಒಳಪೊರೆ, ಅಸ್ಥಿಮಜ್ಜೆ ಸೋಲುವುದಕ್ಕೆ ದಿನಗಳೇ ಹಿಡಿಯಬಹುದು. ಮೊದಲ ಕೆಲವು ಗಂಟೆ ಇಲಿ ಚುರುಕಾಗಿಯೇ ಕಂಡೀತು. ಆಗಲೇ ಪರೀಕ್ಷೆ ಮುಗಿಸಿದರೆ ವಿಷವನ್ನು ಸುರಕ್ಷಿತವೆಂದು ಬರೆದಂತಾಗುತ್ತದೆ.

ಆದರೆ ತೀರಾ ನರಳುವ ಇಲಿಯನ್ನು 14 ದಿನ ಕಾಯಿಸುವಂತಿಲ್ಲ. ಅದಕ್ಕೆ ಕೂಡಲೇ ನೋವಿಲ್ಲದ ಸಾವು ಕೊಡಬೇಕು. ಒಇಸಿಡಿ (ರಾಸಾಯನಿಕಗಳ ಪರೀಕ್ಷೆಗೆ ಮಾರ್ಗಸೂಚಿ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ) ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ.